ಇಳಿಯಲು ಮೆಟ್ಟಿಲಿಲ್ಲದ ಪಟ್ಟ: ಯೊಕೊಜುನಾ ಕಿಸೆನೊಸಾಟೊ ಪ್ರಕರಣ

2017ರ ಮಾರ್ಚ್ 26, ಭಾನುವಾರ. ಜಪಾನಿನ ಒಸಾಕಾದಲ್ಲಿ ಸುಮೊ ಕುಸ್ತಿಯ ವಸಂತ ಟೂರ್ನಿಯ ಹದಿನೈದನೆಯ ದಿನ, ಅಂದರೆ ಕೊನೆಯ ದಿನ. ಸುಮೊದ ಅತ್ಯುನ್ನತ ದರ್ಜೆಯಾದ ಯೊಕೊಜುನಾ ಪಟ್ಟದಲ್ಲಿದ್ದ ಕಿಸೆನೊಸಾಟೊ ಕಣ ಏರಿದಾಗ ಅವರ ಎಡ ಭುಜದಿಂದ ಎದೆಯವರೆಗೆ ದಪ್ಪ ಪಟ್ಟಿ ಬಿಗಿದಿತ್ತು. ಪಟ್ಟಿಯ ಅಂಚಿನಿಂದ ಇಣುಕುತ್ತಿದ್ದ ತೋಳು, ಒಳಗೆ ರಕ್ತ ಒಸರಿ, ಕಪ್ಪಿಟ್ಟಿತ್ತು. ಎರಡು ದಿನಗಳ ಹಿಂದೆ ಇನ್ನೊಬ್ಬ ಯೊಕೊಜುನಾ ಹರುಮಾಫುಜಿ ನೂಕಿದ ರಭಸಕ್ಕೆ ಮಣ್ಣಿನ ಕಟ್ಟೆಯಿಂದ ಕೆಳಗೆ ಬಿದ್ದು, ಎದೆ ಹಿಡಿದುಕೊಂಡು ಏಳಲಾರದೆ, ಆಸ್ಪತ್ರೆಗೆ ಹೋಗಿದ್ದವರು ಅವರು. ಹಿಂದಿನ ದಿನ ಬಂದು ನಿಂತರೂ ಕಾಕುರ್ಯು ಎದುರು ಒಂದಿಷ್ಟೂ ತಡೆಯೊಡ್ಡಲಾಗದೆ ಗೆರೆ ದಾಟಿ ಸೋತಿದ್ದರು.

ಎದುರಿಗಿದ್ದದ್ದು ಮಂಗೋಲಿಯಾದ ತೆರುನೊಫುಜಿ. ಅವರದು 13 ಗೆಲುವು, 1 ಸೋಲು. ಕಿಸೆನೊಸಾಟೊ ಅವರದು 12 ಗೆಲುವು, 2 ಸೋಲು. ಪ್ರಶಸ್ತಿ ಬೇಕಿದ್ದರೆ ಒಂದೇ ಸಂಜೆ ಒಬ್ಬನೇ ಎದುರಾಳಿಯನ್ನು ಎರಡು ಸಲ ಕೆಡವಬೇಕು, ಅದೂ ಒಂದೇ ಕೈಯಲ್ಲಿ. ಮೊದಲ ಪಂದ್ಯದಲ್ಲಿ ಪಕ್ಕಕ್ಕೆ ಸರಿದು ಕೆಳಕ್ಕೆ ಒತ್ತಿದರು. ನಿರ್ಣಾಯಕ ಪಂದ್ಯದಲ್ಲಿ ಹಿಂದಕ್ಕೆ ಸರಿಯುತ್ತ ಅಂಚಿಗೆ ಬಂದವರು, ಬಲಗೈಯಲ್ಲಿ ಎದುರಾಳಿಯ ತೋಳನ್ನು ಅಮುಕಿ ಹಿಡಿದು ತಿರುಗಿಸಿ ಎಸೆದರು. ರಾಷ್ಟ್ರಗೀತೆ ಮೊಳಗುವಾಗ, ಮುಖದಲ್ಲಿ ಯಾವ ಭಾವವನ್ನೂ ತೋರಿಸದವರೆಂದು ಹೆಸರಾಗಿದ್ದ ಆ ಮನುಷ್ಯ ಅಳುತ್ತಿದ್ದರು.

ಯೊಕೊಜುನಾ ಪಟ್ಟಕ್ಕೇರಿದ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆಲ್ಲುವುದು 1995ರ ತಕಾನೊಹಾನಾ ನಂತರ ಯಾರಿಗೂ ಸಾಧ್ಯವಾಗಿರಲಿಲ್ಲ. ಅಂದು ಕಿಸೆನೊಸಾಟೊಗೆ ವಯಸ್ಸು 30. ಅದು ಅವರ ಎರಡನೆಯ ಪ್ರಶಸ್ತಿ, ಕೊನೆಯದೂ ಅದೇ. ಒಂದು ವರ್ಷ ಹತ್ತು ತಿಂಗಳ ನಂತರ ಅವರು ಕಣಕ್ಕೆ ವಿದಾಯ ಹೇಳಿದರು. ಈ ಪತನಕ್ಕೆ ಗಾಯವೇ ಕಾರಣ ಎಂದು ಹೇಳಿ ಮುಗಿಸುವವರು ಬಹಳ. ಗಾಯ ನಿಜ. ಆದರೆ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ನೋಡಿದರೆ, ಇವರನ್ನು ಮೇಲೇರಿಸಿದ ಗುಣವೇ ಇವರನ್ನು ಕೆಳಗಿಳಿಸಿತು ಎಂದು ನನಗೆ ಅನಿಸುತ್ತದೆ.

ನರುತೊ ಗರಡಿ

ಹುಟ್ಟಿದ್ದು 1986ರ ಜುಲೈ 3ರಂದು, ಹ್ಯೋಗೊ ಪ್ರಾಂತ್ಯದಲ್ಲಿ. ಬೆಳೆದದ್ದು ಇಬರಾಕಿ ಪ್ರಾಂತ್ಯದ ಉಶಿಕುವಿನಲ್ಲಿ. ಹಗಿವಾರಾ ಯುತಾಕಾ ಎಂಬ ಆ ಹುಡುಗ ಶಾಲೆಯಲ್ಲಿ ಆಡುತ್ತಿದ್ದದ್ದು ಬೇಸ್‌ಬಾಲ್. 2002ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮಾಧ್ಯಮಿಕ ಶಾಲೆ ಮುಗಿಸಿ ನೇರವಾಗಿ ನರುತೊ ಗರಡಿಗೆ ಸೇರಿದ. ಜಪಾನಿನಲ್ಲಿ ಇದನ್ನು 'ಹೇಯಾ' ಎನ್ನುತ್ತಾರೆ. ನಮ್ಮ ಗರಡಿ ಎಂಬ ಮಾತು ಅದಕ್ಕೆ ಹತ್ತಿರ ಬರುತ್ತದೆ, ಪೂರ್ತಿ ಹೊಂದುವುದಿಲ್ಲ. ಗರಡಿಗೆ ಬೆಳಿಗ್ಗೆ ಹೋಗಿ ಸಾಮು ಮಾಡಿ ಮನೆಗೆ ಬರಬಹುದು. ಹೇಯಾಗೆ ಸೇರಿದವನು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು, ಹಿರಿಯರ ಬೆನ್ನುಜ್ಜಬೇಕು, ಮತ್ತು ಗುರು ಇಷ್ಟವಾಗಲಿಲ್ಲವೆಂದು ಇನ್ನೊಂದು ಗರಡಿಗೆ ಹೋಗುವಂತಿಲ್ಲ.

ಗುರು ನರುತೊ ಎಂದರೆ 59ನೆಯ ಯೊಕೊಜುನಾ ತಕಾನೊಸಾಟೊ. ಸಕ್ಕರೆ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ, ಏನು ತಿನ್ನಬೇಕು ಎಷ್ಟು ತಿನ್ನಬೇಕು ಎಂದು ಲೆಕ್ಕ ಹಾಕಿ ಬದುಕಿ, ಮೂವತ್ತರ ಆಚೆ 1983ರಲ್ಲಿ ಪಟ್ಟಕ್ಕೇರಿದವರು. ಅವರೂ ಯೊಕೊಜುನಾ ಆದ ಮೊದಲ ಟೂರ್ನಿಯನ್ನೇ ಗೆದ್ದಿದ್ದರು, ಹದಿನೈದಕ್ಕೆ ಹದಿನೈದು. ಮೂರು ವರ್ಷ ತುಂಬುವ ಮೊದಲೇ, 1986ರ ಜನವರಿಯಲ್ಲಿ, ಗಾಯಗಳಿಂದ ಸೋತು ನಿವೃತ್ತರಾಗಿದ್ದರು. ಶಿಷ್ಯನ ಜಾತಕವನ್ನು ಗುರು ಮೊದಲೇ ಒಮ್ಮೆ ಬದುಕಿದ್ದಂತಿದೆ.

ಆ ಗರಡಿಯ ಕಟ್ಟುಪಾಡು ಸುಮೊ ವಲಯದಲ್ಲೇ ಕಠಿಣವೆಂದು ಹೆಸರಾಗಿತ್ತು. ಬೇರೆ ಗರಡಿಗೆ ಹೋಗಿ ಅಭ್ಯಾಸ ಮಾಡುವಂತಿಲ್ಲ. ಎದುರಾಳಿಗಳ ಜೊತೆ ಸಲಿಗೆ ಕೂಡದು. ಗೆದ್ದರೂ ಸೋತರೂ ಮುಖ ಒಂದೇ ಥರ ಇರಬೇಕು. ಮತ್ತು ಏನೇ ಆದರೂ ಕಣ ತಪ್ಪಿಸಬಾರದು. ಈ ಕೊನೆಯ ಪಾಠವನ್ನು ಶಿಷ್ಯ ಎಷ್ಟು ಮೈಗೂಡಿಸಿಕೊಂಡರೆಂದರೆ, ಸೇರಿದ ದಿನದಿಂದ ಯೊಕೊಜುನಾ ಆಗುವವರೆಗಿನ ಹದಿನೈದು ವರ್ಷಗಳಲ್ಲಿ ಅವರು ಗೈರಾದದ್ದು ಒಂದೇ ಒಂದು ದಿನ: 2014ರ ಜನವರಿ ಟೂರ್ನಿಯ ಕೊನೆಯ ದಿನ, ಕಾಲಿನ ಹೆಬ್ಬೆರಳಿನ ಗಾಯಕ್ಕೆ.

ಏರಿಕೆಯ ಮೊದಲ ಭಾಗ ಬಿರುಸಾಗಿತ್ತು. ಹದಿನೇಳಕ್ಕೆ ಜೂರ್ಯೊ, ಅಂದರೆ ಸಂಬಳ ಸಿಗುವ ದರ್ಜೆ. ಹದಿನೆಂಟಕ್ಕೆ, 2004ರ ನವೆಂಬರಿನಲ್ಲಿ, ಅತಿ ಮೇಲಿನ ಮಾಕುಉಚಿ ದರ್ಜೆ. ಎರಡರಲ್ಲೂ ಇವರಿಗಿಂತ ಚಿಕ್ಕವರಾಗಿದ್ದಾಗ ಅಲ್ಲಿಗೆ ತಲುಪಿದ್ದವರು ತಕಾನೊಹಾನಾ ಒಬ್ಬರೇ. ಆಗಲೇ 'ಕಿಸೆನೊಸಾಟೊ' ಎಂಬ ಕಣದ ಹೆಸರು ಬಂತು. 'ಸಾಟೊ' ಎಂದರೆ ಹಳ್ಳಿ. ಗುರುವಿನ ಹೆಸರಿನ ಬಾಲ ಶಿಷ್ಯನಿಗೆ. ಬಲಗಳೆಲ್ಲ ಎಡಬದಿಯಲ್ಲಿದ್ದವು. ಎದುರಾಳಿಯ ತೋಳನ್ನು ಕೆಳಗಿನಿಂದ ಎಡಗೈಯಲ್ಲಿ ಹಿಂಡಿ ಮೇಲೆತ್ತಿ ಅವನ ಹಿಡಿತವನ್ನೇ ಕೊಲ್ಲುವ ಪಟ್ಟಿಗೆ ಸುಮೊದಲ್ಲಿ 'ಒತ್ಸುಕೆ' ಎನ್ನುತ್ತಾರೆ. ಅದು ಬಿಗಿದರೆ ಮುಗಿಯಿತು. ಆಮೇಲೆ 170 ಕಿಲೋ ದಾಟಿದ ಮೈ ತನ್ನಷ್ಟಕ್ಕೆ ಮುಂದೆ ನಡೆಯುತ್ತಿತ್ತು.

ಎರಡನೆಯ ಸ್ಥಾನ

ಆಮೇಲೆ ಏರಿಕೆ ನಿಂತಿತು. ದೊಡ್ಡವರನ್ನು ಕೆಡವುವುದು, ಚಿಕ್ಕವರ ಕೈಲಿ ಸೋಲುವುದು, ಹೀಗೇ ವರ್ಷಗಳು ಉರುಳಿದವು. 2010ರ ನವೆಂಬರ್ 15ರಂದು ಫುಕುವೋಕಾದಲ್ಲಿ ಸತತ 63 ಗೆಲುವಿನ ಮೇಲೆ ಕುಳಿತಿದ್ದ ಯೊಕೊಜುನಾ ಹಕುಹೊ ಅವರನ್ನು ಹೊರದಬ್ಬಿದ್ದು ಇವರೇ. ಫುತಾಬಯಾಮಾ ಅವರ 69ರ ದಾಖಲೆಗೆ ಹಕುಹೊ ಆರೇ ಹೆಜ್ಜೆ ದೂರವಿದ್ದರು. 2013ರ ಜುಲೈನಲ್ಲಿ ಅದೇ ಹಕುಹೊ ಅವರ 43 ಗೆಲುವಿನ ಸರಣಿಯನ್ನು ಮುರಿದದ್ದೂ ಇವರೇ. ಆದರೆ ಪ್ರಶಸ್ತಿ ಮಾತ್ರ ಬೇರೆಯವರ ಪಾಲು.

2011ರ ಶರತ್ಕಾಲದಲ್ಲಿ ನರುತೊ ಗರಡಿಯಲ್ಲಿ ಶಿಷ್ಯನೊಬ್ಬನ ಮೇಲೆ ಹಲ್ಲೆ ನಡೆದಿದೆ ಎಂಬ ಆರೋಪವನ್ನು ವಾರಪತ್ರಿಕೆಯೊಂದು ಪ್ರಕಟಿಸಿತು. ಸುಮೊ ಸಂಘ ವಿಚಾರಣೆಗೆ ಕೈ ಹಾಕಿತು. ಅದು ಮುಗಿಯುವ ಮೊದಲೇ, ನವೆಂಬರ್ 7ರಂದು, ಗುರು ತೀರಿಕೊಂಡರು. ಆರು ದಿನಗಳ ನಂತರ ಟೂರ್ನಿ ಆರಂಭ. ಕಿಸೆನೊಸಾಟೊ ಹತ್ತು ಪಂದ್ಯ ಗೆದ್ದು ಒಜೆಕಿ ಎಂಬ ಎರಡನೆಯ ಅತ್ಯುನ್ನತ ದರ್ಜೆಗೆ ಬಡ್ತಿ ಪಡೆದರು. ಆ ಸುದ್ದಿ ಕೇಳಲು ಗುರು ಇರಲಿಲ್ಲ. ಮುಂದೆ ಯಾವಾಗ ನಿಲ್ಲಬೇಕು, ಯಾವಾಗ ಮಲಗಬೇಕು ಎಂದು ಗದರಿ ಹೇಳಬಲ್ಲ ಒಂದೇ ಕಂಠವೂ ಆಗಲೇ ನಿಂತುಹೋಗಿತ್ತು. ಈ ಪ್ರಕರಣದಲ್ಲಿ ಇದು ಸಣ್ಣ ಸಂಗತಿಯಲ್ಲ. ಕಣ ತಪ್ಪಿಸಬೇಡ ಎಂದವರಿಗೆ ಮಾತ್ರ ಈಗ ತಪ್ಪಿಸು ಎಂದು ಹೇಳುವ ಅಧಿಕಾರವಿರುತ್ತದೆ.

ಒಜೆಕಿಯಾಗಿ ಐದು ವರ್ಷ. ಒಟ್ಟು ಹನ್ನೆರಡು ಬಾರಿ ಎರಡನೆಯ ಸ್ಥಾನ. 2016ರಲ್ಲಿ ಆರು ಟೂರ್ನಿ ಸೇರಿ 69 ಗೆಲುವು, ಆ ವರ್ಷ ಎಲ್ಲರಿಗಿಂತ ಹೆಚ್ಚು. ಪ್ರಶಸ್ತಿ ಒಂದೂ ಇಲ್ಲ. ವರ್ಷದ ಗರಿಷ್ಠ ಗೆಲುವಿನವರು ಬರಿಗೈಯಲ್ಲಿ ಹೋದದ್ದು ಅದೇ ಮೊದಲು. ಅದೇ ವರ್ಷ, ಇವರಂತೆಯೇ ಒಜೆಕಿಗಳಾಗಿದ್ದ ಕೊತೊಶೊಗಿಕು ಜನವರಿಯಲ್ಲಿ, ಗೋಎಯ್ದೊ ಸೆಪ್ಟೆಂಬರಿನಲ್ಲಿ ಪ್ರಶಸ್ತಿ ಎತ್ತಿಕೊಂಡು ಹೋಗಿದ್ದರು.

ಇದರ ಮೇಲೆ ದೇಶದ ಹಂಬಲವೂ ಹೇರಿತ್ತು. 1998ರಲ್ಲಿ ಮೂರನೆಯ ವಕಾನೊಹಾನಾ ಬಡ್ತಿ ಪಡೆದ ಮೇಲೆ ಜಪಾನಿನಲ್ಲಿ ಹುಟ್ಟಿದ ಒಬ್ಬನೂ ಯೊಕೊಜುನಾ ಆಗಿರಲಿಲ್ಲ. ಮುಸಾಶಿಮಾರು ಹವಾಯಿಯವರು, ಅವರ ನಂತರ ಅಸಾಶೊರ್ಯು, ಹಕುಹೊ, ಹರುಮಾಫುಜಿ, ಕಾಕುರ್ಯು ನಾಲ್ವರೂ ಮಂಗೋಲಿಯಾದವರು. ಹಾಗಾಗಿ 2017ರ ಜನವರಿಯಲ್ಲಿ ಕಿಸೆನೊಸಾಟೊ 14–1ರಲ್ಲಿ ಮೊದಲ ಪ್ರಶಸ್ತಿ ಗೆದ್ದು, ಕೊನೆಯ ದಿನ ಹಕುಹೊ ಅವರನ್ನೂ ಮಣಿಸಿದಾಗ ಸಂಘ ತಡಮಾಡಲಿಲ್ಲ. ಒಜೆಕಿಯಾಗಿ ಸತತ ಎರಡು ಪ್ರಶಸ್ತಿ, ಇಲ್ಲವೇ ಅದಕ್ಕೆ ಸಮನಾದ ಸಾಧನೆ, ಇದು ಬಡ್ತಿಯ ಅಳತೆಗೋಲು. ಇವರ ಬಳಿ ಇದ್ದದ್ದು ಒಂದೇ ಪ್ರಶಸ್ತಿ. ಆ ಟೂರ್ನಿಯಲ್ಲಿ ಹರುಮಾಫುಜಿ, ಕಾಕುರ್ಯು ಇಬ್ಬರೂ ನಡುವೆಯೇ ಹಿಂದೆ ಸರಿದಿದ್ದರಿಂದ ಅವರನ್ನು ಎದುರಿಸಲೂ ಇಲ್ಲ. ಅವಸರವಾಯಿತೆಂದು ಕೆಲವರು ಗೊಣಗಿದರು. ಮಾಕುಉಚಿಗೆ ಬಂದು 73 ಟೂರ್ನಿ ಕಾದು ಪಟ್ಟಕ್ಕೇರಿದವನಿಗೆ ಅವಸರದ ಆಪಾದನೆ! ಅಷ್ಟು ನಿಧಾನವಾಗಿ ಅಲ್ಲಿಗೆ ತಲುಪಿದವರು ಮತ್ತೊಬ್ಬರಿಲ್ಲ.

ಜನವರಿ 25ರಂದು ಅವರು 72ನೆಯ ಯೊಕೊಜುನಾ. ಮೇಜಿ ಮಂದಿರದಲ್ಲಿ ಮೊದಲ ಕಣಪ್ರವೇಶ ವಿಧಿಗೆ ತೊಟ್ಟದ್ದು, ತಮ್ಮ ಗುರುವಿನ ಗುರುವಾದ ಮೊದಲನೆಯ ವಕಾನೊಹಾನಾ ಅವರ ಕಾಲದ, ದೆವ್ವದ ಮುಖದ ಅಲಂಕಾರ ವಸ್ತ್ರ. ಈ ವಿಧಿಯಲ್ಲಿ ಎರಡು ಶೈಲಿಗಳಿವೆ: ಶಿರಾನುಯಿ ಮತ್ತು ಉನ್ರ್ಯು. ಶಿರಾನುಯಿ ಮಾಡುವವರ ಆಳ್ವಿಕೆ ಅಲ್ಪಾಯು ಎಂಬ ನಂಬಿಕೆ ಬಹುಕಾಲ ಇತ್ತು; ಹಕುಹೊ ಅದನ್ನು ನಗೆಪಾಟಲು ಮಾಡಿದ್ದರು. ಗುರು ತಕಾನೊಸಾಟೊ ಅವರದು ಶಿರಾನುಯಿ. ಶಿಷ್ಯ ಆರಿಸಿಕೊಂಡದ್ದು ದೀರ್ಘಾಯುವೆಂದು ಹೆಸರಾದ ಉನ್ರ್ಯು.

ಮಾರ್ಚ್ ತಪ್ಪೇ, ಮೇ ತಪ್ಪೇ?

ಮತ್ತೆ ಒಸಾಕಾಗೆ ಬರೋಣ. ಟೂರ್ನಿಯ ನಂತರ ಹೊರಬಿದ್ದ ವೈದ್ಯರ ವರದಿ: ಎಡ ಎದೆಯ ದೊಡ್ಡ ಸ್ನಾಯು ಮತ್ತು ಎಡ ಮೇಲ್ತೋಳಿನ ಸ್ನಾಯುವಿಗೆ ಹಾನಿ, ಒಂದು ತಿಂಗಳ ಆರೈಕೆ ಅಗತ್ಯ. ಒತ್ಸುಕೆಗೆ ಬಲ ಬರುವುದು ಅದೇ ಸ್ನಾಯುವಿನಿಂದ. ಅಡುಗೆಯವನಿಗೆ ನಾಲಿಗೆಯೇ ಕೆಟ್ಟಂತೆ.

ಹದಿನಾಲ್ಕನೆಯ ದಿನ ಹಿಂದೆ ಸರಿದಿದ್ದರೆ ಏನಾಗುತ್ತಿತ್ತು ಎಂಬ ಚರ್ಚೆ ಜಪಾನಿನಲ್ಲಿ ಇಂದಿಗೂ ಮುಗಿದಿಲ್ಲ. ಉತ್ತರ ಊಹಿಸಲು ಅವರಿಗೆ ಹಳೆಯ ಉದಾಹರಣೆಯೂ ಇತ್ತು. 2001ರ ಮೇ ಟೂರ್ನಿಯಲ್ಲಿ ತಕಾನೊಹಾನಾ ಹದಿನಾಲ್ಕನೆಯ ದಿನ ಮಂಡಿ ಮುರಿದುಕೊಂಡರು, ಆದರೂ ಕೊನೆಯ ದಿನ ಬಂದು ನಿರ್ಣಾಯಕ ಪಂದ್ಯದಲ್ಲಿ ಮುಸಾಶಿಮಾರು ಅವರನ್ನು ಎಸೆದರು. ಪ್ರಶಸ್ತಿ ಕೊಡಲು ಬಂದಿದ್ದ ಪ್ರಧಾನಿ ಕೊಯಿಜುಮಿ, ನೋವು ಸಹಿಸಿ ಹೋರಾಡಿದ್ದಕ್ಕೆ ಮನಸ್ಸು ತುಂಬಿ ಬಂತೆಂದು ಕಣದ ಮೇಲೇ ಕೂಗಿ ಹೇಳಿದರು. ಆಮೇಲೆ ತಕಾನೊಹಾನಾ ಏಳು ಟೂರ್ನಿ ಗೈರು, ಒಂದು ಮರಳುವಿಕೆ, ನಿವೃತ್ತಿ. ಮತ್ತೊಂದು ಪ್ರಶಸ್ತಿ ಬರಲಿಲ್ಲ. ಆ ಕೂಗು ಎಲ್ಲರಿಗೂ ನೆನಪಿತ್ತು. ಏಳು ಟೂರ್ನಿಗಳ ಲೆಕ್ಕ ಯಾರಿಗೆ ನೆನಪಿತ್ತು?

ಆದರೂ ನಾನು ಮಾರ್ಚಿನ ನಿರ್ಧಾರವನ್ನು ದೂರುವವನಲ್ಲ. ಹನ್ನೆರಡು ಸಲ ಕೈತಪ್ಪಿದ್ದನ್ನು ಕಂಡವನು, ಎದುರಿಗೆ ಕಂಡ ಪ್ರಶಸ್ತಿಯನ್ನು ಬಿಟ್ಟು ಆಸ್ಪತ್ರೆಯ ಹಾಸಿಗೆಗೆ ಹೋಗುವುದು ಮನುಷ್ಯಮಾತ್ರರಿಗೆ ಕಷ್ಟ. ನನ್ನ ತಕರಾರು ಮೇ ತಿಂಗಳದ್ದು. ಶಸ್ತ್ರಚಿಕಿತ್ಸೆಯಿಲ್ಲದೆ, ಎರಡು ತಿಂಗಳೂ ತುಂಬದೆ, ಅವರು ಮತ್ತೆ ಕಣ ಏರಿದರು. ಹನ್ನೊಂದನೆಯ ದಿನ ಹಿಂದೆ ಸರಿದರು. ಜುಲೈನಲ್ಲಿ ಮತ್ತೆ ಬಂದರು. ಆರನೆಯ ದಿನ ಹಿಂದಕ್ಕೆ. ಸೆಪ್ಟೆಂಬರ್ ಪೂರ್ತಿ ಗೈರು. ನವೆಂಬರಿನಲ್ಲಿ ಬಂದು ಹತ್ತನೆಯ ದಿನ ಬಿಟ್ಟರು. 2018ರ ಜನವರಿಯಲ್ಲಿ ಬಂದು ಆರನೆಯ ದಿನ. ಹತ್ತು ತಿಂಗಳಲ್ಲಿ ನಾಲ್ಕು ಸಲ ಅರ್ಧ ಮಾಗಿದ ಗಾಯವನ್ನು ತಂದು ಕಣಕ್ಕೆ ಹಾಕಿದಂತಾಯಿತು. ಎಡಗೈ ಸೋಲುತ್ತಿದ್ದುದರಿಂದ ಮೈ ಎತ್ತರಕ್ಕೆ ಏಳುತ್ತಿತ್ತು, ಸೊಂಟ ಹಗುರಾಗುತ್ತಿತ್ತು. ನಿನ್ನೆ ಮೊನ್ನೆ ಮೇಲೆ ಬಂದವರೂ ಅವರನ್ನು ಕೆಡವತೊಡಗಿದರು.

ವಿಚಿತ್ರವೆಂದರೆ, ಕಾಗದದ ಮೇಲೆ ನೋಡಿದರೆ ಸುಮೊದಲ್ಲಿ ನಿಶ್ಚಿಂತೆಯಿಂದ ಮಲಗಬಹುದಾದವನು ಯೊಕೊಜುನಾ ಒಬ್ಬನೇ. ಉಳಿದ ಎಲ್ಲರಿಗೂ ಗೈರು ಸೋಲಿಗೆ ಸಮ. ಗೈರಾದಷ್ಟೂ 'ಬಂಜುಕೆ' ಎಂಬ ದರ್ಜೆಪಟ್ಟಿಯಲ್ಲಿ ಹೆಸರು ಕೆಳಗಿಳಿಯುತ್ತದೆ. ಯೊಕೊಜುನಾಗೆ ಹಿಂಬಡ್ತಿಯೇ ಇಲ್ಲ. ಒಂದು ವರ್ಷ ಮಲಗಿದರೂ ಪಟ್ಟ ಪಟ್ಟವೇ. ಆದರೆ ಕೆಳಗಿಳಿಯುವ ದಾರಿ ಇಲ್ಲದವನಿಗೆ ಉಳಿಯುವುದು ಎರಡೇ: ಗೆಲ್ಲುವುದು, ಇಲ್ಲವೇ ಜುಟ್ಟು ಕತ್ತರಿಸಿಕೊಂಡು ಹೊರಡುವುದು. ನಡುವೆ ಮಲಗಿದರೆ ನಿಯಮ ಸುಮ್ಮನಿರುತ್ತದೆ, ನೋಡುವವರು ಸುಮ್ಮನಿರುವುದಿಲ್ಲ. ಹತ್ತೊಂಬತ್ತು ವರ್ಷ ಕಾದು ಪಡೆದ ತಮ್ಮವನನ್ನು ನೋಡಲು ಟಿಕೆಟ್ ಕೊಂಡವರು ಕಾಯುತ್ತಿದ್ದಾರೆ ಎಂಬ ಅರಿವು, ಕಣ ತಪ್ಪಿಸಬಾರದೆಂಬ ಪಾಠದ ಜೊತೆ ಸೇರಿದಾಗ ಆದದ್ದು ಇದು.

2018ರ ಮಾರ್ಚ್, ಮೇ, ಜುಲೈ ಮೂರೂ ಟೂರ್ನಿಗಳಿಗೆ ಅವರು ಬರಲಿಲ್ಲ. ಪೂರ್ತಿಯೋ ಅರೆಯೋ, ಸತತ ಎಂಟು ಟೂರ್ನಿಗಳಲ್ಲಿ ಗೈರು. ತಕಾನೊಹಾನಾ ಅವರ ಏಳನ್ನೂ ಅದು ಮೀರಿತ್ತು. ಸೆಪ್ಟೆಂಬರಿನಲ್ಲಿ ಬಂದು ಹದಿನೈದೂ ದಿನ ನಿಂತು 10–5 ಮಾಡಿದಾಗ ರ್ಯೊಗೊಕು ಸಭಾಂಗಣ ಪ್ರತಿ ಗೆಲುವಿಗೂ ಹುಯಿಲೆಬ್ಬಿಸಿತು. ನವೆಂಬರಿನಲ್ಲಿ ಹಕುಹೊ, ಕಾಕುರ್ಯು ಇಬ್ಬರೂ ಇಲ್ಲದೆ ಇವರೊಬ್ಬರೇ ಯೊಕೊಜುನಾ. ಮೊದಲ ನಾಲ್ಕು ದಿನವೂ ಸೋತು, ಐದನೆಯ ದಿನ ಹಿಂದೆ ಸರಿದರು. ಯೊಕೊಜುನಾ ಪರಾಮರ್ಶೆ ಮಂಡಳಿ ಆಗ ಅವರ ವಿಷಯದಲ್ಲಿ 'ಪ್ರೋತ್ಸಾಹ' ಎಂಬ ನಿರ್ಣಯ ಕೈಗೊಂಡಿತು. ಕೇಳಲು ಹಿತವಾದ ಮಾತು; ಒಳಗಿರುವುದು ಎಚ್ಚರಿಕೆ. ಹಾಗೆ ಪ್ರೋತ್ಸಾಹ ಪಡೆದ ಮೊದಲ ಯೊಕೊಜುನಾ ಅವರು.

2019ರ ಜನವರಿ. ಮಿತಾಕೆಉಮಿ, ಇಚಿನೊಜೊ, ತೊಚಿಓಜಾನ್, ಮೂರು ದಿನ ಮೂರು ಸೋಲು. ಹಿಂದಿನವುಗಳೂ ಸೇರಿ ಕಣದಲ್ಲಿ ಸತತ ಎಂಟು. 1949ರಲ್ಲಿ ಹದಿನೈದು ದಿನಗಳ ಟೂರ್ನಿ ಬಂದ ಮೇಲೆ ಯಾವ ಯೊಕೊಜುನಾಗೂ ಆಗದಿದ್ದದ್ದು. ಜನವರಿ 16ರಂದು ನಿವೃತ್ತಿ. ಪತ್ರಕರ್ತರ ಎದುರು ಅಳುತ್ತ ಅವರು ಹೇಳಿದ್ದು, ತಮ್ಮ ಕಣದ ಬದುಕಿನ ಬಗ್ಗೆ ಎಳ್ಳಷ್ಟೂ ವಿಷಾದವಿಲ್ಲ ಎಂದು. ಯೊಕೊಜುನಾ ಆಗಿ ಅವರ ಲೆಕ್ಕ: 36 ಗೆಲುವು, 36 ಸೋಲು, 97 ಗೈರು. ಹದಿನೈದು ವರ್ಷಕ್ಕೆ ಒಂದು ದಿನ ತಪ್ಪಿಸಿದವರು ಎರಡು ವರ್ಷದಲ್ಲಿ 97 ದಿನ ತಪ್ಪಿಸಿದರು.

ಅದೇ ಸಂಜೆ ಸೋತವನ ದಾರಿ

ಪ್ರಕರಣದ ಅರ್ಧ ಇನ್ನೊಬ್ಬರ ಬಳಿ ಇದೆ. ಒಸಾಕಾದಲ್ಲಿ ಎರಡು ಸಲ ಸೋತ ತೆರುನೊಫುಜಿ ಅವರ ಮಂಡಿಯೂ ಆಗಲೇ ಕೆಟ್ಟಿತ್ತು. ಹಿಂದಿನ ದಿನ ಕೊತೊಶೊಗಿಕು ಎದುರು ಪಕ್ಕಕ್ಕೆ ಹಾರಿ ಗೆದ್ದದ್ದಕ್ಕೆ ಪ್ರೇಕ್ಷಕರು ಅವರನ್ನು ಬಾಯಿಗೆ ಬಂದಂತೆ ಬೈದಿದ್ದರು. ಅವರ ಪತನ ಇನ್ನೂ ಭೀಕರ. ಮಂಡಿಗಳ ಜೊತೆ ಸಕ್ಕರೆ ಕಾಯಿಲೆ ಸೇರಿತು. 2017ರ ಸೆಪ್ಟೆಂಬರಿನಲ್ಲಿ ಒಜೆಕಿ ದರ್ಜೆ ಹೋಯಿತು. ಮುಂದೆ ಮಾಕುಉಚಿ ಹೋಯಿತು, ಜೂರ್ಯೊ ಹೋಯಿತು, ಸಂಬಳ ಹೋಯಿತು. ಗಾಯಾಳುಗಳ ದರ್ಜೆ ಕಾಯುತ್ತಿದ್ದ ಹಳೆಯ ವಿನಾಯಿತಿಯನ್ನು ಸಂಘ 2003ರ ನಂತರ ರದ್ದು ಮಾಡಿತ್ತು. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮಲಗಿದಷ್ಟೂ ಹೆಸರು ಕೆಳಗೆ ಜಾರಿತು. ನಿವೃತ್ತಿ ಕೊಡಿ ಎಂದು ಗುರುವಿನ ಮುಂದೆ ಪದೇ ಪದೇ ಕೇಳಿಕೊಂಡರು. ಗುರು ಇಸೆಗಹಾಮಾ ಒಪ್ಪಲಿಲ್ಲ. ಮೊದಲು ಮೈ ಸರಿಪಡಿಸಿಕೋ ಎಂದರು. ಇಲ್ಲಿ ಗದರುವ ಕಂಠ ಇತ್ತು.

2019ರ ಮಾರ್ಚಿನಲ್ಲಿ, ಕಿಸೆನೊಸಾಟೊ ನಿವೃತ್ತರಾದ ಎರಡು ತಿಂಗಳಿಗೆ, ತೆರುನೊಫುಜಿ ಕೆಳಗಿನಿಂದ ಎರಡನೆಯದಾದ ಜೊನಿದಾನ್ ದರ್ಜೆಯಲ್ಲಿ, 48ನೆಯ ಸ್ಥಾನದಲ್ಲಿ, ಹದಿಹರೆಯದ ಹುಡುಗರ ಎದುರು ಕಣ ಏರಿದರು. ಖಾಲಿ ಕುರ್ಚಿಗಳೇ ಹೆಚ್ಚಿರುವ ಬೆಳಗಿನ ಹೊತ್ತು ಅದು. ಅವರು ಸೋತರೂ ಗೆದ್ದರೂ ದೇಶ ನಿಟ್ಟುಸಿರು ಬಿಡುತ್ತಿರಲಿಲ್ಲ. 2020ರ ಜುಲೈನಲ್ಲಿ ಮಾಕುಉಚಿಗೆ ಮರಳಿ, ಪಟ್ಟಿಯ ತಳದ 17ನೆಯ ಮಾಯೆಗಶಿರಾ ಸ್ಥಾನದಿಂದಲೇ ಪ್ರಶಸ್ತಿ ಗೆದ್ದರು. 2021ರ ಜುಲೈನಲ್ಲಿ 73ನೆಯ ಯೊಕೊಜುನಾ. ಅಂದರೆ ಆ ಭಾನುವಾರ ಒಸಾಕಾದಲ್ಲಿ ಎದುರುಬದುರು ನಿಂತಿದ್ದವರು 72 ಮತ್ತು 73. ಕೆಳಗಿಳಿಯಲು ಮೆಟ್ಟಿಲಿದ್ದವನು ಇಳಿದು, ಕತ್ತಲಲ್ಲಿ ಮಾಗಿ, ಹತ್ತಿ ಬಂದ. ಪಟ್ಟಕ್ಕೇರಿದ ಮೇಲೆ ಅವರೂ ಅದೇ ಇಕ್ಕಟ್ಟಿಗೆ ಸಿಕ್ಕಿದರು: ಒಂದು ಪ್ರಶಸ್ತಿ, ಎರಡು ಗೈರು, ಮತ್ತೊಂದು ಪ್ರಶಸ್ತಿ ಎಂಬ ಲಯದಲ್ಲಿ ಹತ್ತಕ್ಕೆ ತಲುಪಿ 2025ರ ಜನವರಿಯಲ್ಲಿ ಬಿಟ್ಟರು.

ಕಿಸೆನೊಸಾಟೊ ನಿವೃತ್ತಿಯ ನಂತರ ವಾಸೆದಾ ವಿಶ್ವವಿದ್ಯಾಲಯಕ್ಕೆ ಹೋಗಿ ಕ್ರೀಡಾ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪ್ರಬಂಧದ ವಿಷಯ ಗರಡಿಯನ್ನು ಹೊಸ ರೀತಿಯಲ್ಲಿ ನಡೆಸುವುದು ಹೇಗೆ ಎಂಬುದು. ಈಗ ಅವರು ನಿಶೊನೊಸೆಕಿ ಎಂಬ ಹೆಸರಿನ ಗುರು. ಇಬರಾಕಿಯ ಆಮಿ ಪಟ್ಟಣದಲ್ಲಿರುವ ಅವರ ಗರಡಿಯಲ್ಲಿ ಅಭ್ಯಾಸದ ಕಣಗಳು ಎರಡು. ಬಹುತೇಕ ಗರಡಿಗಳಲ್ಲಿ ಇರುವಂತೆ ಒಂದೇ ಕಣವಿದ್ದರೆ, ಒಂದು ಜೋಡಿ ಸೆಣಸುವಾಗ ಉಳಿದವರು ಸುತ್ತ ನಿಂತು ಕಾಯಬೇಕಾಗುತ್ತದೆ.

ಅಲ್ಲಿ ಬೆಳೆದ ಓನೊಸಾಟೊ 2023ರ ಮೇ ತಿಂಗಳಲ್ಲಿ ಮೊದಲ ಟೂರ್ನಿ ಆಡಿ, ಹದಿಮೂರನೆಯ ಟೂರ್ನಿ ಮುಗಿಸಿ, 2025ರ ಮೇ 28ರಂದು 75ನೆಯ ಯೊಕೊಜುನಾ ಆದರು. ಹಾಗೆಯೇ ಮೊದಲ ಟೂರ್ನಿಯಿಂದ ಎಣಿಸಿದರೆ ಗುರುವಿಗೆ ಹಿಡಿದದ್ದು 89. ಕಣದ ಹೆಸರು ಹಿಂದಿನ ಕಾಲದ ಒಬ್ಬ ಒಜೆಕಿಯದು, ಬಾಲ ಮಾತ್ರ ಅದೇ 'ಸಾಟೊ'. ಮೇಜಿ ಮಂದಿರದ ವಿಧಿಗೆ ಮುನ್ನ ಗುರುವೇ ನಿಂತು ಉನ್ರ್ಯು ಶೈಲಿಯನ್ನು ಹೇಳಿಕೊಟ್ಟರು. ಅದರಲ್ಲಿ ಕುಕ್ಕರಗಾಲಿನಿಂದ ನಿಧಾನವಾಗಿ ಮೇಲೇಳುವಾಗ ಬಲಗೈ ಪೂರ್ತಿ ಚಾಚಿರಬೇಕು, ಎಡಗೈಯನ್ನು ಮಡಚಿ ಎದೆಯ ಎಡಪಕ್ಕಕ್ಕೆ ಒತ್ತಿ ಹಿಡಿದಿರಬೇಕು.